ಗಡಿಯಾರದವನ ಮನೆಶಾಲೆ

ಗಡಿಯಾರ ರಿಪೇರಿಯವನು ಕೆಟ್ಟದ್ದು ತನ್ನ ಬಾಯಿಂದಲೇ. ಶಾಲೆಯ ಮೇಷ್ಟ್ರಾಗಿದ್ದ ಭಾವಮೈದುನ ಒಂದು ದಿನ ಊಟಕ್ಕೆ ಬಂದು, ಹಗಲು ಮಕ್ಕಳಿಗೆ, ಸಂಜೆ ದೊಡ್ಡವರಿಗೆ ಪಾಠ ಹೇಳಿ ಗಂಟಲು ಹರಿದುಹೋಯಿತೆಂದು ಗೋಳು ತೋಡಿಕೊಂಡ. ಇವನು ಸುಮ್ಮನೆ ಉಣ್ಣಬಹುದಿತ್ತು.

"ಪಾಠ ಹೇಳೋದು ಏನು ಮಹಾ ಕೆಲಸ ಬಿಡಪ್ಪ. ನಮ್ಮ ಮೂರು ಮಕ್ಕಳನ್ನೂ ನಾನು ಮನೇಲೇ ಕೂರಿಸ್ಕೊಂಡು ಕಲಿಸ್ತೀನಿ" ಎಂದುಬಿಟ್ಟ.

ನರ್ಸ್ ಕೆಲಸದ ಹೆಂಡತಿ ತಮ್ಮನ ಮುಖ ನೋಡಿದಳು, ಗಂಡನ ಮುಖ ನೋಡಿದಳು. "ಹಾಗಾದ್ರೆ ಕಲಿಸಿ" ಎಂದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಅಂದಿನಿಂದ ರಿಪೇರಿ ಮಾಡುವ ಮುಂದಿನ ಕೋಣೆಯೇ ಶಾಲೆಯಾಯಿತು. ದೊಡ್ಡವಳಿಗೆ ಭಿನ್ನರಾಶಿ, ನಡುವಿನವನಿಗೆ ಮಗ್ಗಿ, ಚಿಕ್ಕದಕ್ಕೆ ಅಕ್ಷರ. ಒಬ್ಬಳನ್ನು ಕೂರಿಸಿದರೆ ಇನ್ನೊಬ್ಬ ಏಳುತ್ತಿದ್ದ; ಕಪ್ಪೆಗಳನ್ನು ತಕ್ಕಡಿಗೆ ಹಾಕಿದಂತೆಯೇ. ಎಣಿಕೆ ಕಲಿಯಲೆಂದು ಚಿಕ್ಕದು ಗಿರಾಕಿಗಳ ಗಡಿಯಾರದ ಹಲ್ಲುಚಕ್ರಗಳನ್ನೇ ಎತ್ತಿಕೊಳ್ಳುತ್ತಿತ್ತು. ಗೋಡೆಯ ಮೇಲೆ ಕೆಟ್ಟ ಗಡಿಯಾರಗಳು ಹೆಚ್ಚಿದವು, ಬಾಗಿಲಲ್ಲಿ ಗಿರಾಕಿಗಳು ಕಡಿಮೆಯಾದರು. ಮಕ್ಕಳು ಶಾಲೆಗೆ ಹೋಗದಿದ್ದರೆ ಅಂಗಡಿ ಮುಚ್ಚಬೇಕಾಗುತ್ತದೆಂದು ಅವನಿಗೆ ಗೊತ್ತಿತ್ತು. ಆದರೆ ಭಾವಮೈದುನನ ಮುಂದೆ ಸೋತೆನೆನ್ನುವುದು ಹೇಗೆ? ನುಂಗಲೂ ಆಗದ, ಉಗುಳಲೂ ಆಗದ ಬಿಸಿತುಪ್ಪ.

ಹೀಗಿರುವಾಗ ಶಿಕ್ಷಣ ಕಚೇರಿಯ ಮೇಡಂ ತಪಾಸಣೆಗೆ ಬರುವ ದಿನ ಬಂತು. ಮಕ್ಕಳ ಕಲಿಕೆ ಸರಿಯಿಲ್ಲದಿದ್ದರೆ ಕೂಡಲೇ ಶಾಲೆಗೆ ಸೇರಿಸಬೇಕೆಂಬುದು ನಿಯಮ.

"ನನ್ನ ತಮ್ಮನ ಮುಂದೆ ಮರ್ಯಾದೆ ಕಳೀಬೇಡಿ" ಎಂದು ಹೇಳಿ ಹೆಂಡತಿ ಆಸ್ಪತ್ರೆಗೆ ಹೊರಟಳು.

ಗಡಿಯಾರದವನಿಗೆ ಬಹಳ ದಿನಗಳ ಮೇಲೆ ನಿಜವಾದ ಸಂತೋಷವಾಯಿತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಮೇಡಂ ಎದುರಿಗೆ ಎಲ್ಲವನ್ನೂ ತಪ್ಪು ತಪ್ಪಾಗಿ ಕಲಿಸುವುದು, ಅವರೇ ಮಕ್ಕಳನ್ನು ಶಾಲೆಗೆ ಅಟ್ಟುವುದು, ತಾನು ಮುಖ ಸಣ್ಣದು ಮಾಡಿಕೊಂಡು, "ಮೇಲಿನವರು ಹೇಳಿದ ಮೇಲೆ ಏನು ಮಾಡೋದು?" ಎನ್ನುವುದು.

ಅಷ್ಟರಲ್ಲಿ ಎದುರುಮನೆಯ ಟೈಲರಮ್ಮ ಕೊರಳಲ್ಲಿ ಅಳತೆ ಟೇಪು ನೇತುಹಾಕಿಕೊಂಡು ಬಂದಳು. "ನೀವು ಹೆದರಬೇಡಿ ಅಣ್ಣಾ, ನಾನಿದ್ದೀನಿ" ಎಂದಳು. ಅವನು ಹೆದರಿದ್ದು ಆಗಲೇ. ಅವಳು ಮಕ್ಕಳ ತಲೆ ಬಾಚಿದಳು, ಗುಂಡಿ ಹೊಲಿದಳು, ಕೆಟ್ಟ ಗಡಿಯಾರಗಳ ಮೇಲೆ ಹೊದಿಕೆ ಎಳೆದಳು. ಅವನು ಕಷ್ಟಪಟ್ಟು ಕೆದರಿಟ್ಟಿದ್ದ ಕೋಣೆ ಕಣ್ಮುಂದೆಯೇ ಓರಣವಾಗಿಬಿಟ್ಟಿತು.

ಮೇಡಂ ಬಂದು ಕುರ್ಚಿಯಲ್ಲಿ ಕುಳಿತರು. "ದಿನಾ ಹೇಗೆ ಪಾಠ ಮಾಡ್ತೀರೋ ಹಾಗೇ ಮಾಡಿ."

ಗಡಿಯಾರದವನು ಗಂಟಲು ಸರಿಮಾಡಿಕೊಂಡು ನಡುವಿನವನಿಗೆ ಹೇಳಿದ: "ನೋಡು ಮಗಾ, ತಿಮಿಂಗಿಲ ಅನ್ನೋದು ಒಂದು ದೊಡ್ಡ ಮೀನು."

ಹಲ್ಲುಚಕ್ರ ಎಣಿಸುತ್ತಿದ್ದ ಚಿಕ್ಕದು ತಲೆಯೆತ್ತದೆ, "ಮೀನಲ್ಲ ಅಪ್ಪ. ಅದು ಮರಿಗೆ ಹಾಲು ಕುಡಿಸತ್ತೆ. ಅಕ್ಕಂಗೆ ನೀನೇ ಹೇಳ್ತಿದ್ದೆ, ನಾನು ಕೇಳಿಸ್ಕೊಂಡೆ" ಎಂದಿತು.

ಮೇಡಂ ಏನೋ ಬರೆದುಕೊಂಡರು.

"ಇರಲಿ. ಏಳೆಂಟ್ಲಾ ಐವತ್ತನಾಲ್ಕು" ಎಂದ ಗಡಿಯಾರದವನು.

"ಐವತ್ತಾರು" ಎಂದ ನಡುವಿನವನು.

"ಅರ್ಧಕ್ಕೆ ಕಾಲು ಸೇರಿಸಿದ್ರೆ ಒಂದು."

"ಮುಕ್ಕಾಲು" ಎಂದು ಮೂವರೂ ಒಟ್ಟಿಗೆ ಹೇಳಿದರು. ದೊಡ್ಡವಳು ಅಪ್ಪನ ಹಣೆ ಮುಟ್ಟಿ ನೋಡಿದಳು. "ಜ್ವರ ಏನಾದ್ರೂ ಬಂದಿದ್ಯಾ ಅಪ್ಪ?"

ಹೊದಿಕೆಯ ಕೆಳಗೆ ಯಾವುದೋ ಅಲಾರಂ ಬಡಿದುಕೊಳ್ಳತೊಡಗಿತು. ಇನ್ನಾದರೂ ಎಡವಟ್ಟಾದೀತೆಂದು ಅವನು ಆಸೆಪಟ್ಟ. ಚಿಕ್ಕದು ಎದ್ದುಹೋಗಿ, ಗಡಿಯಾರದ ಹಿಂಬದಿಯನ್ನು ಬಿಚ್ಚಿ, ಸದ್ದು ನಿಲ್ಲಿಸಿ ಬಂದು ಕುಳಿತಿತು.

ಕಿಟಕಿಯಲ್ಲಿ ಇಣುಕುತ್ತಿದ್ದ ಟೈಲರಮ್ಮನಿಗೆ ತಡೆಯಲಾಗಲಿಲ್ಲ. "ಅಣ್ಣ ಬೇಕೂಂತಲೇ ತಪ್ಪು ಹೇಳ್ತಿದ್ದಾರೆ ಮೇಡಂ. ಮಕ್ಕಳು ಕಂಡುಹಿಡೀಲಿ ಅಂತ."

"ಹೌದೇನ್ರೀ?" ಎಂದರು ಮೇಡಂ.

ಹೂಂ ಎಂದರೆ ಮುಗಿಯಿತು, ಮಕ್ಕಳು ಮನೆಯಲ್ಲೇ. ಗಡಿಯಾರದವನು ಎದೆ ಗಟ್ಟಿಮಾಡಿಕೊಂಡ. "ಇಲ್ಲ ಮೇಡಂ. ನನಗೆ ಗೊತ್ತಿರೋದೇ ಅಷ್ಟು."

ಮೇಡಂ ಪೆನ್ನು ಮುಚ್ಚಿದರು. "ಹಾಗೇ ಅಂದ್ಕೊಂಡೆ. ನೋಡಿ, ಮಕ್ಕಳು ಬಹಳ ಚೆನ್ನಾಗಿದ್ದಾರೆ. ಒಬ್ಬರ ಪಾಠ ಇನ್ನೊಬ್ಬರ ಕಿವಿಗೆ ಬಿದ್ದು ಬಿದ್ದು ವಯಸ್ಸಿಗೆ ಮೀರಿ ಕಲಿತಿದ್ದಾರೆ. ಶಾಲೆಗೆ ಕಳಿಸಿ ಕೆಡಿಸಬೇಡಿ, ಮನೆಯಲ್ಲೇ ಇರಲಿ."

ಅವನ ಮುಖ ತಾನಾಗಿಯೇ ಸಣ್ಣದಾಯಿತು.

"ಆದರೆ ಕಲಿಸೋರಿಗೆ ಮಗ್ಗಿಯೂ ಬಾರದಿದ್ರೆ ನಾನು ಸುಮ್ನಿರೋಕಾಗಲ್ಲ. ದೊಡ್ಡವರ ತರಗತಿಗೆ ಇವತ್ತು ಸಂಜೆಯಿಂದಲೇ ಹೋಗಿ. ಪಾಸಾಗೋ ತನಕ ತಪ್ಪಿಸೋ ಹಾಗಿಲ್ಲ. ಅಲ್ಲಿನ ಮೇಷ್ಟ್ರು ಬಹಳ ಒಳ್ಳೆಯವರು, ನಾನೇ ಫೋನ್ ಮಾಡಿ ಹೇಳ್ತೀನಿ."

ಸಂಜೆ ಗಡಿಯಾರದವನು ಕೊನೆಯ ಬೆಂಚಿನಲ್ಲಿ ಮೊಣಕಾಲು ಮಡಚಿಕೊಂಡು ಕುಳಿತಿದ್ದ. ಮನೆಯಲ್ಲಿ ಬಿಟ್ಟುಬರುವಂತಿಲ್ಲದ ಮಕ್ಕಳು ಪಕ್ಕದಲ್ಲೇ ಸಾಲಾಗಿ ಕುಳಿತಿದ್ದರು. ಭಾವಮೈದುನ ಸೀಮೆಸುಣ್ಣ ಹಿಡಿದು, ಬಹಳ ಮರ್ಯಾದೆಯಿಂದ ಅವನ ಮುಂದೆ ಬಂದು ನಿಂತ.

"ಪಾಠ ಹೇಳೋದು ಮಹಾ ಕೆಲಸ ಅಲ್ಲ ಬಿಡಿ ಭಾವ. ಎದ್ದು ನಿಂತ್ಕೊಂಡು ಹೇಳಿ, ಏಳೆಂಟ್ಲಾ ಎಷ್ಟು?"

ಸರಿಯಾಗಿ ಹೇಳಿದರೆ ಬೆಳಗ್ಗೆ ಮೇಡಂಗೆ ಹೇಳಿದ್ದು ಸುಳ್ಳೆಂದಾಗುತ್ತದೆ. ತಪ್ಪು ಹೇಳಿದರೆ ಈ ಬೆಂಚು ಬಿಡುವುದಿಲ್ಲ. ಅವನು ಮೆಲ್ಲಗೆ ಎದ್ದು ನಿಂತ. ಚಿಕ್ಕದಕ್ಕೆ ಅಪ್ಪನನ್ನು ಕಂಡು ಪಾಪವೆನಿಸಿತು. ಅವನ ಅಂಗಿ ಜಗ್ಗಿ, "ಐವತ್ತಾರು" ಎಂದು ಪಿಸುಗುಟ್ಟಿತು.

"ಹೇಳ್ಕೊಡಬೇಡ ಪುಟ್ಟಿ" ಎಂದ ಮೇಷ್ಟ್ರು. "ನಿಧಾನವಾಗಿ ಅವರೇ ಕಲೀಲಿ."