ನಾನೇ ಆರಿಸಿಕೊಂಡ ಕಾಯಿಲೆ

ಗಂಡನನ್ನು ಒಂದು ಮಾತೂ ಕೇಳದೆ ಗಂಡನ ಹೊಟ್ಟೆಯನ್ನು ಧರ್ಮಕ್ಕೆ ಅರ್ಪಿಸುವ ಹಕ್ಕು ಹೆಂಡತಿಗಿದೆ ಎಂದು ಯಾವ ಶಾಸ್ತ್ರದಲ್ಲಿ ಬರೆದಿದೆಯೋ ನನಗೆ ತಿಳಿಯದು. ನನ್ನ ಹೆಂಡತಿ ಸೋನಾಬಾಯಿ ಮಾತ್ರ ಎಂಬತ್ತೊಂಬತ್ತನೇ ಇಸವಿಯ ಭಾದ್ರಪದಕ್ಕೆ ಇನ್ನೂ ನಾಲ್ಕು ದಿನ ಇರುವಾಗಲೇ ಆ ಕೆಲಸ ಮಾಡಿಬಿಟ್ಟಳು.

"ರೀ, ಬಸ್ತಿಗೆ ಹೋಗಿ ಇಬ್ಬರ ಹೆಸರೂ ಬರಿಸಿ ಬಂದೀನಿ" ಎಂದಳು.

"ಯಾತಕ್ಕ?"

"ದಶಲಕ್ಷಣ ಪರ್ವಕ್ಕ. ಹತ್ತ ದಿನ ಏಕಾಶನ. ಜೋಡಿಲೆ."

ಬಸಿಯಲ್ಲಿದ್ದ ಚಹಾವನ್ನು ಒಂದೇ ಗುಟುಕಿಗೆ ಮುಗಿಸಿದೆ. ಏಕಾಶನವೆಂದರೆ ದಿನಕ್ಕೆ ಒಂದೇ ಹೊತ್ತು, ಒಂದೇ ಸಲ ಕುಳಿತು ಉಣ್ಣುವುದು. ಕುಳಿತವರು ಎದ್ದರೋ, ಮುಗಿಯಿತು. ಮರುದಿನದವರೆಗೆ ಕಾಸಿ ಆರಿಸಿದ ನೀರೇ ಗತಿ. ಚಹಾ ಇಲ್ಲ, ಅವಲಕ್ಕಿ ಇಲ್ಲ, ಬಾಯಾಡಿಸಲು ಒಂದು ಶೇಂಗಾ ಬೀಜ ಕೂಡ ಇಲ್ಲ. ನಾವು ಬಸ್ತಿಯ ಜಿನನಿಗೆ ನಡೆದುಕೊಳ್ಳುವ ಜೈನರು, ನಮ್ಮ ಮನೆಯಲ್ಲಿ ಸೂರ್ಯ ಮುಳುಗಿದ ಮೇಲೆ ಹೇಗೂ ಯಾರೂ ಉಣ್ಣುವುದಿಲ್ಲ. ಆದ್ದರಿಂದಲೇ ಸೂರ್ಯ ಮೇಲಿರುವಷ್ಟು ಹೊತ್ತು ಅವನ ಒಂದು ಗಳಿಗೆಯನ್ನೂ ನಾನು ವ್ಯರ್ಥ ಮಾಡಿದವನಲ್ಲ.

"ನನಗ ಸಾಲಿ ಐತಿ. ಹಸದ ಹೊಟ್ಟಿಲೆ ಹುಡುಗರಿಗೆ ಪಾಠ ಹೆಂಗ ಹೇಳಲಿ?" ಎಂದೆ. (ನಾನು ಶೇಡಬಾಳದ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಹೊಟ್ಟೆ ತುಂಬಿದಾಗ ಹೇಳಿದ ಪಾಠ ಕೂಡ ಹುಡುಗರಿಗೆ ತಿಳಿದದ್ದು ಅಷ್ಟಕ್ಕಷ್ಟೇ. ಆ ಮಾತು ಬೇರೆ.)

"ಅತ್ತಿಯವರಿಗೆ ಅರವತ್ತೆಂಟು. ಹನ್ನೊಂದ ವರ್ಷದಿಂದ ಬಿಡದ ಮಾಡಾಕತ್ತಾರ. ನಿಮಗ ನಲವತ್ತೆರಡು."

ಒಳಗಿನಿಂದ ನನ್ನ ತಾಯಿ ಅಕ್ಕುತಾಯಿಯ ದನಿ ಬಂತು. "ಅಂವನ್ನ ಏನ ಕೇಳ್ತಿ ಸೋನಾ? ಹುಟ್ಟಿದ ದಿನಾನ ಹಸುವಿಲೆ ಓಣಿ ಮಂದಿನ್ನೆಲ್ಲಾ ಎಬ್ಬಿಸಿದಾಂವ ಅಂವ."

"ಜಡ್ಡ ಇದ್ದಾವ್ರಿಗಷ್ಟ ಸೂಟಿ. ನಿಮಗೇನ ಧಾಡಿ ಆಗೇತಿ?" ಎಂದು ಸೋನಾಬಾಯಿ ಸೆರಗು ಕೊಡವಿ ಒಳಗೆ ಹೋದಳು.

ಜಡ್ಡು ಇದ್ದವರಿಗಷ್ಟೇ ಸೂಟಿ! ಬಾಗಿಲು ಮುಚ್ಚಿದವಳೇ ಬೀಗದ ಕೈಯನ್ನೂ ಕೊಟ್ಟು ಹೋಗಿದ್ದಳು. ಅದು ಅವಳ ಮುಗ್ಧತೆ ಎಂದು ನಾನು ಆಗ ತಿಳಿದೆ.

ಮರುದಿನ ಶಾಲೆಯಲ್ಲಿ ಬಿಡುವಿನ ಅವಧಿಗೆ ಮಾನವ ಶರೀರದ ನಕ್ಷೆಯನ್ನು ಗೋಡೆಗೆ ತೂಗುಬಿಟ್ಟು, ಕನ್ಯೆ ನೋಡಲು ಹೋದವನಂತೆ ಕಾಲ ಮೇಲೆ ಕಾಲು ಹಾಕಿ ಕುಳಿತೆ. ಯಾವ ಅಂಗವ್ಯೂಹದ ಯಾವ ಕಾಯಿಲೆಯನ್ನು ವರಿಸುವುದು? ಮೊದಲು ಅಸ್ಥಿಪಂಜರ. ಮೊಣಕಾಲು ನೋವು ಸಭ್ಯ ಕಾಯಿಲೆ, ಆದರೆ ಕಾಲು ನೋಯುವವನು ಉಪವಾಸ ಮಾಡಬಾರದೆಂದು ಯಾರೂ ಹೇಳಿಲ್ಲ. ಶ್ವಾಸಾಂಗವ್ಯೂಹಕ್ಕೆ ಬಂದರೆ ದಮ್ಮು ಇದೆ, ನಿಜ. ಆದರೆ ಐಗಳಿಯಲ್ಲಿರುವ ನನ್ನ ಭಾವಮೈದುನನಿಗೆ ಅಸಲಿ ದಮ್ಮೇ ಇರುವುದರಿಂದ ನನ್ನ ನಕಲಿಯನ್ನು ಅವನು ಹೊಸ್ತಿಲಲ್ಲೇ ಹಿಡಿಯುತ್ತಾನೆ. ಹೃದಯ ಬೇಡವೇ ಬೇಡ. ಹೃದಯ ಎಂದರೆ ಸಾಕು, ಮಾವನ ಮನೆಯವರೆಲ್ಲ ಟೆಂಪೋ ಮಾಡಿಕೊಂಡು ಬಂದು ನನ್ನ ಸುತ್ತ ಕುಳಿತು ಅಳುತ್ತಾರೆ, ಅವರಿಗೆ ಚಹಾ ಮಾಡುವವರು ಯಾರು? ರಕ್ತದೊತ್ತಡಕ್ಕೆ ಉಪ್ಪು ಬಿಡಿಸುತ್ತಾರೆ. ಸಕ್ಕರೆ ಕಾಯಿಲೆಗೆ ಉಪವಾಸ ಮಾಡಿಸುವುದಿಲ್ಲವಂತೆ, ಆದರೆ ಕಬ್ಬಿನ ಸೀಮೆಯಲ್ಲಿ ಹುಟ್ಟಿ ಬೆಲ್ಲ ಬಿಟ್ಟು ಬದುಕುವುದೆಂದರೆ ಬದುಕೇ ಅಲ್ಲ. ಮೂತ್ರಪಿಂಡದ ಹರಳಿಗೆ ನಮ್ಮವ್ವ ಬಾಳೆದಿಂಡಿನ ರಸ ಕುಡಿಸುತ್ತಾಳೆ. ನರವ್ಯೂಹದ ಅರೆತಲೆನೋವು ಮೊದಲಿನಿಂದಲೂ ಅವ್ವನ ಸ್ವಂತ ಆಸ್ತಿ, ಅದರಲ್ಲಿ ಪಾಲು ಕೇಳುವ ಧೈರ್ಯ ನನಗಿಲ್ಲ.

ಕೊನೆಗೆ ಜೀರ್ಣಾಂಗವ್ಯೂಹ. ಆಮ್ಲಪಿತ್ತ! ಪುಸ್ತಕ ತೆರೆದರೆ ಅಲ್ಲಿ ಬರೆದಿತ್ತು: 'ಇಂಥ ರೋಗಿಗಳು ಹೊಟ್ಟೆಯನ್ನು ಖಾಲಿ ಬಿಡಬಾರದು.' ಹದಿನೇಳು ವರ್ಷ ಅದೇ ಸಾಲನ್ನು ಹುಡುಗರಿಗೆ ಓದಿ ಹೇಳಿದ್ದೇನೆ, ಅದರ ಸೌಂದರ್ಯ ನನಗೆ ಕಂಡದ್ದು ಅಂದೇ.

ಅಂದು ಸಂಜೆಯಿಂದಲೇ ನರಳಲು ಶುರು ಮಾಡಿದೆ. ಹೊಟ್ಟೆ ಹಿಡಿದುಕೊಂಡೆ, ತೇಗಿದೆ, ಅರ್ಧ ರೊಟ್ಟಿ ಬಿಟ್ಟು ಎದ್ದೆ. (ಆ ಅರ್ಧ ರೊಟ್ಟಿ ಬಿಡುವಾಗ ಮಾತ್ರ ನಿಜವಾಗಿಯೇ ನೋವಾಯಿತು.) ಸೋನಾಬಾಯಿ ಬಿಟ್ಟ ರೊಟ್ಟಿಯನ್ನೂ ನನ್ನನ್ನೂ ನೋಡಿದಳು. ಬೆಳಿಗ್ಗೆ ಕೆಂಪು ಬಸ್ಸು ಹತ್ತಿಸಿ ಕಾಗವಾಡದ ಕಾಕಾಸಾಹೇಬ ಡಾಕ್ಟರ ದವಾಖಾನೆಗೆ ಕರೆದುಕೊಂಡು ಹೋದಳು.

ಕಾಕಾಸಾಹೇಬ ಡಾಕ್ಟರು ಮರಾಠಿಯಲ್ಲಿ ನಾಡಿ ನೋಡಿ ಕನ್ನಡದಲ್ಲಿ ಬೈಯುವ ಪೈಕಿ. ನನ್ನನ್ನು ಪರದೆಯ ಹಿಂದಿನ ಮೇಜಿನ ಮೇಲೆ ಮಲಗಿಸಿದರು.

"ಎಲ್ಲಿ ನೋವರಿ ಮಾಸ್ತರ?"

"ಇಲ್ಲೇರಿ. ಜಠರದಾಗ. ಭಗಭಗ ಉರಿತೈತಿ" ಎಂದು ಹೊಟ್ಟೆಯ ಬಲಬದಿಯನ್ನು ಕೆಳಗೆ ಒತ್ತಿ ತೋರಿಸಿದೆ.

"ಇಲ್ಲೆ?" ಎಂದು ಅವರೂ ಒತ್ತಿದರು.

"ಅಯ್ಯಯ್ಯಪ್ಪಾ!"

ಡಾಕ್ಟರು ಚಷ್ಮಾ ತೆಗೆದರು. "ಇದು ಜಠರ ಅಲ್ರಿ. ಅಪೆಂಡಿಕ್ಸ್ ಇರೂ ಜಾಗಾ. ಒಳಗ ಒಡೀತಂದ್ರ ಮಂದಿ ಉಳಿಯೂದಿಲ್ಲ. ಈಗಿಂದೀಗ ಮಿರಜಿನ ದೊಡ್ಡ ದವಾಖಾನಿಗೆ ಹೋಗ್ರಿ, ಕೊಯ್ದು ತಗಸೂಣು."

ಆಗ ನನಗೆ ಹೊಳೆಯಿತು. ನಕ್ಷೆಯಲ್ಲಿರುವ ಮನುಷ್ಯ ನಮ್ಮತ್ತ ಮುಖ ಮಾಡಿ ನಿಂತಿರುತ್ತಾನೆ, ಅವನ ಎಡ ನಮಗೆ ಬಲ. ಹದಿನೇಳು ವರ್ಷ ಕೋಲು ಹಿಡಿದು ಬಲಗಡೆಗೆ ತೋರಿಸುತ್ತ 'ಇದು ಜಠರ' ಎಂದು ಹೇಳಿ ಹೇಳಿ, ನನ್ನ ಜಠರವೂ ಅಲ್ಲೇ ಇದೆ ಎಂದು ನಂಬಿದ್ದೆ. ಮಿರಜು, ಕೊಯ್ಯುವುದು ಎಂಬ ಎರಡು ಮಾತು ಕೇಳಿದ್ದೇ ತಡ, ನನ್ನ ಕೈ ತಾನಾಗಿಯೇ ಮೆಲ್ಲನೆ ಎಡಕ್ಕೆ ಸರಿಯಿತು.

"ಅಲ್ಲರಿ... ಈಗ ಇಲ್ಲೆ ಬಂತರಿ."

"ಮಾಸ್ತರ, ನಿಮ್ಮ ನೋವಿಗೆ ಕಾಲ ಅದಾವೇನು?"

"ಗ್ಯಾಸ್ ಐತಲ್ಲರಿ, ತಿರಗತೈತಿ."

ಡಾಕ್ಟರು "ಹೂಂ" ಎಂದು ಹೊರಗೆ ಹೋದರು. ನಾನು ಅಂಗಿಯ ಗುಂಡಿ ಹಾಕಿಕೊಳ್ಳುವಷ್ಟರಲ್ಲಿ ಅವರೂ ಸೋನಾಬಾಯಿಯೂ ಸಣ್ಣ ದನಿಯಲ್ಲಿ ಏನೋ ಮಾತಾಡಿದರು. ನಾನು ಬಂದಾಗ ಡಾಕ್ಟರ ಮುಖ ಬಹಳ ಗಂಭೀರವಾಗಿತ್ತು, ಚೀಟಿಯ ಮೇಲೆ ಪೆನ್ನು ಓಡುತ್ತಿತ್ತು.

"ಅಂದ್ರ... ಉಪವಾಸ?" ಎಂದು ಕಣ್ಣಲ್ಲಿ ನೀರು ತಂದುಕೊಂಡು ಕೇಳಿದೆ.

"ಉಪವಾಸದ ಹೆಸರ ತಗೀಬ್ಯಾಡ್ರಿ! ಎರಡ ತಾಸಿಗೊಮ್ಮೆ ತಿನ್ನಬೇಕು ನೀವು."

ನನ್ನ ಎದೆಯೊಳಗೆ ಸನಾದಿ ಬಾರಿಸಿದಂತಾಯಿತು. ಅದು ನಿಂತದ್ದು ಚೀಟಿ ಓದಿದ ಮೇಲೆ. ಎರಡು ತಾಸಿಗೊಮ್ಮೆ ಒಂದು ಬಟ್ಟಲು ಆರಿದ ಹಾಲು ಅಥವಾ ಉಪ್ಪಿಲ್ಲದ ಅಕ್ಕಿನುಚ್ಚಿನ ಗಂಜಿ. ಖಾರ, ಹುಳಿ, ಎಣ್ಣೆ, ಕರಿದದ್ದು, ಚಹಾ, ಚಟ್ನಿ, ಉಪ್ಪಿನಕಾಯಿ, ಬೆಲ್ಲ, ರೊಟ್ಟಿ ಪೂರ್ತಿ ಬಂದ್. ಮೂರು ತಿಂಗಳು.

ಪರ್ವ ಶುರುವಾಯಿತು. ಅತ್ತೆ ಸೊಸೆ ಇಬ್ಬರೂ ಬಸ್ತಿಯಿಂದ ಬಂದು ಮಧ್ಯಾಹ್ನ ಒಮ್ಮೆ ಕುಳಿತರೆಂದರೆ, ಅಬ್ಬಾ, ಅದು ವ್ರತವೋ ಬೀಗರೂಟವೋ! ಬಿಸಿ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಕೆಂಪಗೆ ಕುಟ್ಟಿದ ಶೇಂಗಾ ಚಟ್ನಿ, ಅದರ ಮೇಲೆ ಕಾಯಿಸಿದ ತುಪ್ಪ. ಎದುರಿಗೆ ನಾನು, ನನ್ನ ಎದುರಿಗೆ ಬಿಳಿ ಗಂಜಿ. ಅವರು ದಿನಕ್ಕೆ ಒಂದೇ ಸಲ ಉಣ್ಣುವ ಕಷ್ಟ ಪಟ್ಟರೆ, ನಾನು ಆರು ಸಲ ಉಣ್ಣುವ ಕಷ್ಟ ಪಡುತ್ತಿದ್ದೆ.

"ಒಂದ ಉಗರಿನಷ್ಟ ಚಟ್ನಿ ಕೊಡ."

"ಅಯ್ಯ, ಒಳಗ ಹುಣ್ಣಾದೀತು! ನಿಮಗಿಂತ ನನಗ ಚಟ್ನಿ ಹೆಚ್ಚೇನರಿ?" ಎಂದು ಸೋನಾಬಾಯಿ ಆ ಉಗುರಿನಷ್ಟನ್ನೂ ಸೇರಿಸಿ ತನ್ನ ರೊಟ್ಟಿಗೆ ಹಚ್ಚಿಕೊಂಡಳು.

ನಾಲ್ಕನೆಯ ದಿನ ತಡೆಯಲಾರದೆ ಬಸ್‌ಸ್ಟ್ಯಾಂಡಿನ ಎದುರಿನ ಧರೆಪ್ಪನ ಚಹಾದಂಗಡಿಗೆ ನುಗ್ಗಿದೆ. ಬಾಣಲೆಯಲ್ಲಿ ಮಿರ್ಚಿ ಭಜಿ ತೇಲುತ್ತಿದ್ದವು. ಬಾಯಿ ತೆರೆಯುವ ಮೊದಲೇ ಧರೆಪ್ಪ ಎರಡೂ ಕೈ ಅಡ್ಡ ಹಿಡಿದ.

"ಬ್ಯಾಡರಿ ಸರ. ನಿಮ್ಮ ಮನಿ ಬಾಯಾರು ಮೊನ್ನೆನ ಬಂದ ಹೇಳಿ ಹೋಗ್ಯಾರ. ನಿಮಗ ಮಿರ್ಚಿ ಕೊಟ್ಟು ಆ ಪಾಪ ನಾ ಎಲ್ಲಿ ತೊಳಕೊಳ್ಳಲಿ?"

ಬಾಕಿನ ಮೇಲೆ ಕುಳಿತಿದ್ದ ಮಂದಿ ಎದ್ದು "ಸರ್‌ಗ ಜಾಗಾ ಬಿಡ್ರಿ, ಪಾಪ, ಹೊಟ್ಟಿ ಕೆಟ್ಟೈತಿ" ಎಂದು ದಾರಿ ಮಾಡಿಕೊಟ್ಟರು. ನನ್ನ ಹಳೆಯ ವಿದ್ಯಾರ್ಥಿಗಳೇ ನೋಡುತ್ತಿರುವಂತೆ ಒಂದು ಲೋಟ ಆರಿದ ಹಾಲು ಕುಡಿದು ಮನೆಗೆ ಬಂದೆ. ನನ್ನ ಜೀರ್ಣಾಂಗವ್ಯೂಹ ಈಗ ಊರ ಆಸ್ತಿಯಾಗಿತ್ತು.

ಎಂಟನೆಯ ದಿನದ ಮಾತು ಮಾತ್ರ ನಗುವಂಥದಲ್ಲ. ಮೂರು ಗಂಟೆಯ ಗಂಜಿಗೆಂದು ಶಾಲೆಯಿಂದ ಬಂದರೆ, ಸೋನಾಬಾಯಿ ಒಲೆಯ ಮುಂದೆ ಗೋಡೆ ಹಿಡಿದು ನಿಂತಿದ್ದಳು. ಮುಖ ಬಿಳಿಚಿತ್ತು.

"ಏನಾತ?"

"ಏನಿಲ್ಲರಿ, ಕಣ್ಣಿಗೆ ಕತ್ತಲಿ ಬಂದಂಗಾತು. ಸರೀರಿ, ನಿಮ್ಮ ಗಂಜಿ ತಳ ಹತ್ತತೈತಿ."

ತಾನು ದಿನಕ್ಕೊಮ್ಮೆ ಉಣ್ಣುವವಳು ನನ್ನ ಸುಳ್ಳು ಹೊಟ್ಟೆಗಾಗಿ ದಿನಕ್ಕೆ ಆರು ಸಲ ಒಲೆಯ ಮುಂದೆ ಬೇಯುತ್ತಿದ್ದಳು. ನನಗೆ ಬಹಳ ನಾಚಿಕೆಯಾಯಿತು. ಅವಳ ಕೈಯಿಂದ ಸೌಟು ಕಿತ್ತುಕೊಂಡು, ಅವಳನ್ನು ಮಣೆಯ ಮೇಲೆ ಕೂರಿಸಿ, ಗಂಜಿ ನಾನೇ ತಿರುವಿದೆ. ಎಲ್ಲ ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅವಳೂ ತಲೆ ಎತ್ತಿ, ಅದನ್ನೇ ಕಾಯುತ್ತಿದ್ದವಳಂತೆ ನೋಡಿದಳು.

"ಏನೋ ಹೇಳಾವ್ರಿದ್ರಿ?"

"ಅದು... ಇದಕ್ಕ ಒಂದ ಹರಳ ಉಪ್ಪ ಹಾಕಿದ್ರ ನಡೀತೈತೇನು?" ಎಂದೆ. ನಾನು ಎಂಥ ಶೂರ ಎಂಬುದು ನಿಮಗೆ ಇಷ್ಟರಲ್ಲಿ ಗೊತ್ತಾಗಿರಬೇಕು.

ಪರ್ವ ಮುಗಿದು ಕ್ಷಮಾವಾಣಿಯ ದಿನ ಬಂತು. ಅಂದು ನಮ್ಮಲ್ಲಿ ಚಿಕ್ಕವರು ದೊಡ್ಡವರೆನ್ನದೆ ಎಲ್ಲರೂ ಒಬ್ಬರಿಗೊಬ್ಬರು ಕೈ ಮುಗಿದು, ವರ್ಷದ ತಪ್ಪುಗಳಿಗೆ ಕ್ಷಮೆ ಕೇಳುತ್ತಾರೆ. ಒಳಗೆ ಹೋಳಿಗೆ ಬೇಯುವ ವಾಸನೆ. ಇವತ್ತು ತಪ್ಪು ಒಪ್ಪಿಕೊಂಡರೆ ಪಾಪವೂ ಹೋಗುತ್ತದೆ, ಹೋಳಿಗೆಯೂ ಸಿಗುತ್ತದೆ ಎಂದು ಲೆಕ್ಕ ಹಾಕುತ್ತಿರುವಾಗಲೇ ಸೋನಾಬಾಯಿ ಅವ್ವನೊಂದಿಗೆ ಬಂದು ಕೈ ಮುಗಿದು ನಿಂತಳು.

"ರೀ, ತಿಳದು ತಿಳೀದ ಏನರ ತಪ್ಪಾಗಿದ್ರ ಕ್ಷಮಾ ಮಾಡ್ರಿ."

"ಕ್ಷಮಿಸೀನಿ!" ಎಂದು ಚಕ್ರವರ್ತಿಯಂತೆ ಕೈ ಎತ್ತಿದೆ. "ತಿಳದ ಮಾಡಿದ್ದು, ತಿಳೀದ ಮಾಡಿದ್ದು ಎಲ್ಲಾ ಮಾಫ್. ಪಟ್ಟಿ ಓದೂದ ಬ್ಯಾಡ."

"ಇಲ್ಲರಿ, ಒಂದ ತಪ್ಪ ತಿಳದ ಮಾಡೀನಿ. ಅವತ್ತ ದವಾಖಾನ್ಯಾಗ ಡಾಕ್ಟರು ಹೊರಗ ಬಂದು 'ನಿಮ್ಮ ಮಾಸ್ತರಿಗೆ ಏನೂ ಆಗಿಲ್ಲ, ಎತ್ತಿನಂಗ ಅದಾರ' ಅಂದ್ರು. ನಾನ ಹೇಳ್ದೆ, ಹಂಗಂತ ಬಾಯಿ ಬಿಡಬ್ಯಾಡ್ರಿ, ಏನರ ಒಂದ ಪಥ್ಯ ಬರ್ರಿ ಅಂತ."

ರಕ್ತಪರಿಚಲನೆಯೆಲ್ಲ ಒಮ್ಮೆಲೇ ನನ್ನ ತಲೆಗೆ ಏರಿತು. ಆದರೆ ಕ್ಷಮಿಸಿ ಆಗಿತ್ತು. ಆಡಿದ ಮಾತು, ಒಡೆದ ಮುತ್ತು.

"ಮತ್ತ... ಆ ಮೂರ ತಿಂಗಳು?"

"ಡಾಕ್ಟರು ಹದಿನೈದ ದಿನ ಅಂದ್ರು. ಮೂರ ತಿಂಗಳಂದಾಕಿ ನಾನ." ಅವಳ ದನಿ ಸಣ್ಣಗಾಯಿತು. "ಇವತ್ತ ಖರೇ ಹೇಳ್ತೀರಿ, ನಾಳೆ ಹೇಳ್ತೀರಿ ಅಂತ ದಿನಾ ಕಾದ್ನಿರಿ."

ನಾನೂ ಕೈ ಮುಗಿದು ನಕ್ಷೆ, ಪುಸ್ತಕ, ಬಿಟ್ಟೆದ್ದ ಅರ್ಧ ರೊಟ್ಟಿ, ಎಲ್ಲವನ್ನೂ ಒಪ್ಪಿಕೊಂಡೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. ಎದೆ ಹಗುರಾಯಿತು. ಮಣೆ ಹಾಕಿದರು, ತಾಟು ಬಂತು, ತಾಟಿನಲ್ಲಿ ಎರಡು ಹೋಳಿಗೆ, ಮೇಲೆ ತುಪ್ಪ.

"ಹಂಗಾರ ಶಾಂತ್ಯಾ, ನಿನಗ ಜಡ್ಡಿಲ್ಲ?" ಎಂದು ಅವ್ವ ನನ್ನನ್ನು ಕೇಳಿದಳು.

"ಇಲ್ಲವ್ವ, ಗುಂಡಕಲ್ಲಿನಂಗ ಅದೀನಿ."

"ಚಲೋ ಆತು. ಬಸ್ತಿ ಉಪಾಧ್ಯಾರನ್ನ ಕೇಳಿದ್ನಿ. ಹೆಸರ ಬರಿಸಿ ಜಡ್ಡ ಬಿದ್ದಾವ್ರು ಆರಾಮಾದ ದಿನದಿಂದ ಹತ್ತ ಏಕಾಶನ ಮಾಡಿ ಮುಗಸಬೇಕಂತ."

ಹತ್ತು ಏಕಾಶನ! ಆದರೆ ನಾನೂ ಮಾಸ್ತರನೇ. ನಾಳೆಯಿಂದ ಎಂದರೆ ಇನ್ನೂ ಪೂರ್ತಿ ಹತ್ತು ದಿನ. ಇವತ್ತಿನಿಂದಲೇ ಎಂದರೆ ಇದೇ ಊಟ ಮೊದಲನೆಯ ದಿನದ್ದಾಗಿ, ಉಳಿಯುವುದು ಒಂಬತ್ತೇ. ಒಂದೇ ಸಲ ಕುಳಿತು ಹನ್ನೊಂದು ಹೋಳಿಗೆ ತಿಂದರೆ ಬೇಡ ಎನ್ನುವವರು ಯಾರು?

"ಅದಕ್ಕೇನಂತವ್ವ! ಇವತ್ತಿಂದನ ಸುರು. ನನ್ನ ಮಾತಂದ್ರ ಮಾತು" ಎಂದು ಹೋಳಿಗೆಗೆ ಕೈ ಹಾಕಿದೆ.

"ತಡಿ ತಡಿ. ಮುಂಜಾನೆ ಹಾಲ ಕುಡದ್ಯಲ್ಲಾ, ನಿಂತ ಕುಡದ್ಯೋ ಕುಂತ ಕುಡದ್ಯೋ?"

"ಕುಂತವ್ವ. ಇದ ಮಣಿ ಮ್ಯಾಲ ಕುಂತ" ಎಂದೆ ಸಂಭಾವಿತನಂತೆ.

"ಕುಡದ ಎದ್ದಿ?"

"ಎದ್ದೆ..."

"ಹಂಗಾರ ಇವತ್ತಿನ ಏಕಾಶನ ಮುಗೀತಲ್ಲೋ ನಮ್ಮಪ್ಪ!"

ಸೋನಾಬಾಯಿ ನನ್ನ ಮುಂದಿನ ತಾಟನ್ನು ಮೆಲ್ಲಗೆ ತನ್ನತ್ತ ಎಳೆದುಕೊಂಡು, ಆ ಜಾಗದಲ್ಲಿ ಕಾಸಿ ಆರಿಸಿದ ನೀರಿನ ತಂಬಿಗೆ ಇಟ್ಟು, ಎರಡೂ ಕೈ ಜೋಡಿಸಿದಳು.

"ರೀ, ಇದನ್ನೂ ಕ್ಷಮಾ ಮಾಡಿಬಿಡ್ರಿ."