ನಲವತ್ಮೂರು ಕಿತ್ತಳೆಗೆ ತಲುಪುವ ರೈಲು

ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಬಟ್ಟೆ ಒಗೆಯುವ ಯಂತ್ರ ಕೊಂಡರೆ ಡಬ್ಬದೊಳಗೆ ಒಂದು ಕೈಪಿಡಿ ಬರುತ್ತದಲ್ಲ, ನೀವು ಓದದೆ ಡ್ರಾಯರಿಗೆ ತಳ್ಳುತ್ತೀರಲ್ಲ, ಅದನ್ನು ಬರೆಯುವ ಮಹಾಶಯ ನಾನೇ. ಇಡೀ ಜಗತ್ತಿಗೆ ಹೇಳಿಕೊಡುವವನಿಗೆ ಹತ್ತು ವರ್ಷದ ಮಗಳೊಬ್ಬಳು ಯಾವ ಲೆಕ್ಕ? ಎರಡು ವರ್ಷದ ಹಿಂದೆ ಅವಳನ್ನು ಶಾಲೆಯಿಂದ ಬಿಡಿಸಿ, "ಇನ್ನು ಮನೆಯೇ ಶಾಲೆ, ನಾನೇ ಮೇಷ್ಟ್ರು" ಎಂದು ಘೋಷಿಸಿದೆ. ನನ್ನ ಹೆಂಡತಿ ಹಲ್ಲಿನ ಡಾಕ್ಟರು. ಹಗಲೆಲ್ಲ ಊರಿನವರ ಬಾಯಿ ತೆರೆಸುತ್ತಾಳೆ, ಸಂಜೆ ಮನೆಗೆ ಬಂದು ನನ್ನ ಬಾಯಿ ಮುಚ್ಚಿಸುತ್ತಾಳೆ. ಅವತ್ತು ಮಾತ್ರ ಅದೇಕೋ ಒಪ್ಪಿಬಿಟ್ಟಳು.

ಎರಡು ವರ್ಷ ಪಾಠ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಸಾಗಿತು. ಎಲ್ಲ ನನ್ನ ಪಾಂಡಿತ್ಯ ಎಂದುಕೊಂಡಿದ್ದೆ. ಅಸಲಿಗೆ ಪಾಂಡಿತ್ಯವೆಲ್ಲ ಅಂಚೆಯಲ್ಲಿ ಬರುತ್ತಿತ್ತು, ಮನೆಪಾಠದ ಮಾರ್ಗದರ್ಶಿ ಎಂಬ ಹೆಸರಿನಲ್ಲಿ. 'ಸೋಮವಾರ, ಪುಟ ಹದಿನಾಲ್ಕು. ಇದನ್ನು ಓದಿಸಿ. ಈಗ ಈ ಪ್ರಶ್ನೆ ಕೇಳಿ. ಮಗು ಹೀಗೆ ಉತ್ತರಿಸಿದರೆ ಮೆಚ್ಚಿಕೊಳ್ಳಿ.' ನಾನು ಮೆಚ್ಚಿಕೊಳ್ಳುತ್ತಿದ್ದೆ.

ಈ ವರ್ಷ ಬಂದದ್ದು 'ಸಂಪೂರ್ಣ ಪರಿಷ್ಕೃತ ಆವೃತ್ತಿ'. ತೆರೆದು ನೋಡಿದರೆ ಸೋಮವಾರವೇ ಇಲ್ಲ! ವಾರಗಳೆಲ್ಲ 'ಪಯಣ'ಗಳಾಗಿದ್ದವು, ಪಾಠಗಳು 'ನಿಲ್ದಾಣ'ಗಳಾಗಿದ್ದವು. ಕೊನೆಯಲ್ಲಿದ್ದ ಜ್ವಾಲಾಮುಖಿ ಮೊದಲಿಗೆ ಬಂದಿತ್ತು, ಮೊದಲಿದ್ದ ವ್ಯಾಕರಣ ಎಲ್ಲಿಗೆ ಹೋಯಿತೋ ಪತ್ತೆಯಿಲ್ಲ. ಪುಟಪುಟಕ್ಕೂ 'ಇಲ್ಲಿ ನಿಮ್ಮ ವಿವೇಚನೆ ಬಳಸಿ' ಎಂಬ ಸಲಹೆ. ಅದಿದ್ದಿದ್ದರೆ ಮಾರ್ಗದರ್ಶಿ ಯಾಕಪ್ಪಾ ತರಿಸುತ್ತಿದ್ದೆ? ಎಲ್ಲಕ್ಕಿಂತ ಘೋರವೆಂದರೆ, ಹಿಂದುಗಡೆ ಇರುತ್ತಿದ್ದ ಲೆಕ್ಕದ ಉತ್ತರಗಳನ್ನೇ ಕಿತ್ತುಹಾಕಿದ್ದರು. 'ಉತ್ತರವನ್ನು ಮಗುವಿನ ಜೊತೆ ಸೇರಿ ಹುಡುಕುವ ಆನಂದ ಸವಿಯಿರಿ' ಎಂದು ಬರೆದಿದ್ದರು.

ಆನಂದ ಸವಿಯಲು ನನಗೆ ಪುರುಸೊತ್ತಿರಲಿಲ್ಲ. ಹಳೇ ಪುಸ್ತಕದ ಅಂಗಡಿಗೆ ಹೋಗಿ, ಅದೇ ತರಗತಿಯ ಹಿಂದಿನ ಆವೃತ್ತಿ ಹುಡುಕಿ, ಅದರ ಉತ್ತರದ ಪುಟಗಳನ್ನು ಹೊಸದಕ್ಕೆ ಪಿನ್ ಹೊಡೆದೆ.

"ಲೆಕ್ಕಗಳೂ ಬದಲಾಗಿದ್ರೆ ಏನು ಮಾಡ್ತೀರಿ?" ಎಂದಳು ಹೆಂಡತಿ.

"ಭೂಗೋಳ ಬದಲಾಗಬಹುದು, ಚರಿತ್ರೆಯಂತೂ ದಿನಾ ಬದಲಾಗುತ್ತೆ. ಗಣಿತ ಶಾಶ್ವತ ಕಣೇ. ಎರಡೆರಡ್ಲಿ ನಾಲ್ಕು ಅನ್ನೋದನ್ನ ಯಾರು ಪರಿಷ್ಕರಿಸ್ತಾರೆ?"

"ನಿಮ್ಮಿಷ್ಟ."

ಮದುವೆಯಾಗಿ ಹದಿನಾಲ್ಕು ವರ್ಷ. 'ನಿಮ್ಮಿಷ್ಟ' ಎಂದರೆ ಅನುಮತಿಯಲ್ಲ, ಎಚ್ಚರಿಕೆ ಎಂಬ ಪಾಠ ನನಗೆ ಇನ್ನೂ ಆಗಿರಲಿಲ್ಲ.

ನಾನು ಕೊಟ್ಟ ಮೊದಲ ಪರೀಕ್ಷೆಯಲ್ಲಿ ಮಗಳಿಗೆ ಇಪ್ಪತ್ತಕ್ಕೆ ಒಂದು ಬಂತು. ಎರಡನೆಯದರಲ್ಲಿ ಸೊನ್ನೆ. ಕೆಂಪು ಪೆನ್ನಿನ ಇಂಕು ಖಾಲಿಯಾಗಿ ಹೊಸದು ತಂದೆ. "ನಿಮ್ಮ ಕಡೆಯವರಲ್ಲಿ ಯಾರಿಗಾದ್ರೂ ಲೆಕ್ಕ ಬರ್ತಿರಲಿಲ್ವಾ?" ಎಂದು ಹೆಂಡತಿಯನ್ನು ಮೆಲ್ಲಗೆ ವಿಚಾರಿಸಿದೆ. ಅವಳ ಅಪ್ಪ ನಲವತ್ತು ವರ್ಷ ಸೇತುವೆ ಕಟ್ಟಿಸಿದ ಎಂಜಿನಿಯರು. ಅವತ್ತು ಊಟಕ್ಕೆ ನನ್ನನ್ನು ಯಾರೂ ಕರೆಯಲಿಲ್ಲ.

ಮೂರನೇ ವಾರ ಒಂದು ಲೆಕ್ಕ ಬಂತು. ಬೆಳಿಗ್ಗೆ ಎಂಟಕ್ಕೆ ಹೊರಟು ಗಂಟೆಗೆ ಅರವತ್ತು ಕಿಲೋಮೀಟರ್ ಓಡುವ ರೈಲು ಇನ್ನೂರ ಹತ್ತು ಕಿಲೋಮೀಟರ್ ದೂರದ ಊರನ್ನು ಎಷ್ಟು ಹೊತ್ತಿಗೆ ತಲುಪುತ್ತದೆ? ಮಗಳು 'ಹನ್ನೊಂದೂವರೆ' ಎಂದು ಬರೆದಿದ್ದಳು. ಉತ್ತರದ ಪುಟದಲ್ಲಿ 'ನಲವತ್ಮೂರು ಕಿತ್ತಳೆ' ಎಂದಿತ್ತು.

ಬುದ್ಧಿ ಇದ್ದವನಾದರೆ ಅಲ್ಲಿಗೆ ನಿಲ್ಲಿಸುತ್ತಿದ್ದ. ನಾನು ಕೈಪಿಡಿ ಬರೆಯುವವನು. ಅಚ್ಚಾದದ್ದು ಸುಳ್ಳಾಗುವುದಿಲ್ಲ ಎಂದು ನಂಬದಿದ್ದರೆ ನನ್ನ ಹೊಟ್ಟೆಪಾಡು ನಡೆಯುವುದಿಲ್ಲ.

"ನೋಡು ಪುಟ್ಟೀ," ಎಂದೆ, "ಇದು ಹೊಸ ಪಠ್ಯಕ್ರಮ. ಬರೀ ಗಂಟೆ ಹೇಳಿದ್ರೆ ಸಾಲದು. ಇದು ಹಣ್ಣು ಸಾಗಿಸೋ ರೈಲು. ತಲುಪೋ ಹೊತ್ತಿಗೆ ಎಷ್ಟು ಹಣ್ಣು ಕೊಳೀದೆ ಉಳಿದಿರುತ್ತೆ ಅಂತ ಕಲ್ಪಿಸ್ಕೋಬೇಕು."

ಅವಳು ನನ್ನ ಮುಖವನ್ನೇ ಒಂದು ಗಳಿಗೆ ನೋಡಿದಳು. "ಸರಿ ಅಪ್ಪ," ಎಂದು ಹನ್ನೊಂದೂವರೆಯನ್ನು ಹೊಡೆದುಹಾಕಿ ನಲವತ್ಮೂರು ಕಿತ್ತಳೆ ಎಂದು ಮುದ್ದಾಗಿ ಬರೆದಳು.

ಆದರೂ ನನ್ನ ಆತಂಕ ಕಡಿಮೆಯಾಗಲಿಲ್ಲ. ಇವಳು ಲೆಕ್ಕದಲ್ಲಿ ಹೀಗೆ ಹಿಂದೆ ಬಿದ್ದರೆ ಮುಂದೇನು ಗತಿ? ನಿವೃತ್ತ ಗಣಿತದ ಮೇಷ್ಟ್ರು ಒಬ್ಬರು ನಮ್ಮ ಕೆಳಗಿನ ಮನೆಯಲ್ಲೇ ಇದ್ದರು. ಕೈಮುಗಿದು ಕರೆತಂದೆ. ಅವರು ಮಗಳಿಗೆ ಬಾಯಲ್ಲೇ ಹತ್ತು ಲೆಕ್ಕ ಕೊಟ್ಟರು. ಹತ್ತಕ್ಕೆ ಹತ್ತು ಸರಿ. ಅವಳನ್ನು ಆಡಲು ಕಳಿಸಿ, ಕೆಂಪು ಬಳಿದ ನೋಟುಪುಸ್ತಕ ತಿರುವಿ ಹಾಕಿದರು. ಆಮೇಲೆ ನಾನು ಪಿನ್ ಹೊಡೆದ ಹಾಳೆಗಳನ್ನು ಮೂಗಿನ ಹತ್ತಿರ ಹಿಡಿದರು.

"ಸ್ವಾಮಿ, ಈ ಉತ್ತರಗಳು ಯಾವ ಪುಸ್ತಕದ್ದು?"

"ಹಳೇ ಆವೃತ್ತಿದು."

"ಪ್ರಶ್ನೆಗಳು?"

"ಹೊಸದರದ್ದು."

ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಹುಡುಗಿಗೆ ನನ್ನ ಪಾಠ ಬೇಕಿಲ್ಲ," ಎಂದರು. "ನಿಮಗೆ ಬೇಕಾದ್ರೆ ಸಂಜೆ ಐದರಿಂದ ಆರು ಬಿಡುವಾಗಿರ್ತೀನಿ." ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ಅವರಿಗೆ ಬಹಳ ಗೌರವದಿಂದ ಕಾಫಿ ಕೊಟ್ಟಳು. ನನಗೆ ಕೊಡಲಿಲ್ಲ.

ಮೂರು ವಾರ ಸರಿ ಉತ್ತರಗಳನ್ನೆಲ್ಲ ತಪ್ಪೆಂದು ಗೀಚಿದ್ದೆ. ಮಗು ಎಷ್ಟು ನೊಂದಿರಬೇಡ! ಆಡಿ ಬಂದು ಮೆಟ್ಟಿಲ ಮೇಲೆ ಕೂತು ಶೂ ಲೇಸು ಬಿಚ್ಚುತ್ತಿದ್ದವಳ ಪಕ್ಕದಲ್ಲಿ ಹೋಗಿ ಕೂತೆ.

"ತಪ್ಪಾಯ್ತು ಪುಟ್ಟೀ. ನಿನ್ನ ಉತ್ತರಗಳೆಲ್ಲ ಸರಿ ಇದ್ವು. ತಪ್ಪು ನಂದು."

"ಗೊತ್ತು ಅಪ್ಪ. ಮೊದಲನೇ ದಿನವೇ ಗೊತ್ತಾಯ್ತು."

"ಮತ್ತೆ ಯಾಕೆ ಹೇಳಲಿಲ್ಲ?"

"ಅಮ್ಮ ಹೇಳಿದ್ಲು," ಎಂದಳು, ಲೇಸಿನಿಂದ ತಲೆಯೆತ್ತದೆ. "ಪುಸ್ತಕ ಪೂರ್ತಿ ಬದಲಾಗಿದೆ, ಅಪ್ಪನಿಗೆ ಹೊಂದ್ಕೊಳ್ಳೋಕೆ ಸ್ವಲ್ಪ ದಿನ ಬೇಕು. ಪದೇ ಪದೇ ತಪ್ಪು ಅಂತ ಹೇಳಿದ್ರೆ ಕಲಿಯೋ ಆಸಕ್ತಿನೇ ಹೋಗ್ಬಿಡುತ್ತೆ ಅಂತ."