ಆಚಾರ್ಯರ ಬಾಯಲ್ಲಿ ಒಂದು ಸುಳ್ಳು

ಪದ್ಯದಲ್ಲಿ ನಾಟಕ ಬರೆಯಲಿಕ್ಕೆ ಎಂತ ಕಷ್ಟ ಉಂಟು? ಸಾಲಿನ ಕೊನೆ ಒಂದೇ ತರ ಬಂದರೆ ಆಯಿತು. ನಾನು ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವ, ಕಾಪುವಿನಲ್ಲಿ ಫ್ರಿಜ್ ರಿಪೇರಿ ಮಾಡುವವ. ನಾಟಕ ಬರೆದದ್ದು ಹುಡುಗಿಗೋಸ್ಕರ. ಮುಚ್ಚಿಡುವುದು ಯಾಕೆ?

ಶ್ವೇತ ಮಣಿಪಾಲದಲ್ಲಿ ನರ್ಸ್. ಅವಳ ಅಪ್ಪ ಕಾರ್ಕಳದ ರಿಟೈರ್ಡ್ ಕನ್ನಡ ಮಾಸ್ಟ್ರು, ವೇಷ ಇಲ್ಲದೆ ಕೂತು ಮಾತಿನಲ್ಲೇ ಪ್ರಸಂಗ ನಡೆಸುವ ತಾಳಮದ್ದಳೆಯಲ್ಲಿ ಹೆಸರು ಮಾಡಿದ ಅರ್ಥಧಾರಿ. "ನಾಲ್ಕು ಸಾಲು ನೆಟ್ಟಗೆ ಬರೆಯಲಿಕ್ಕೆ ಬಾರದವನಿಗೆ ಮಗಳನ್ನು ಕೊಡುವುದಿಲ್ಲ" ಅಂದಿದ್ದರು.

ನಾನು ಹದಿನಾಲ್ಕು ಪುಟ ಬರೆದೆ.

ರಾಜರ ಕಾಲದ ಕಥೆ. ಜನ್ಮದಲ್ಲಿ ಸುಳ್ಳು ಹೇಳದ ಒಬ್ಬರು ಆಚಾರ್ಯರು. ಹಸಿವಿಗೆ ಅಕ್ಕಿ ಕದ್ದ ಕಳ್ಳ ಅವರ ಮಠದಲ್ಲಿ ಅಡಗುತ್ತಾನೆ. ದಳಪತಿ ಹುಡುಕಿಕೊಂಡು ಬರುತ್ತಾನೆ. ನಿಜ ಹೇಳಿದರೆ ಕಳ್ಳನ ತಲೆ ಹೋಗುತ್ತದೆ, ಸುಳ್ಳು ಹೇಳಿದರೆ ಆಚಾರ್ಯರ ತಪಸ್ಸು ಹೋಗುತ್ತದೆ. ಪಕ್ಕದಲ್ಲಿ ಸ್ನೇಹಿತ ಜೈನ ಮುನಿ, ಅವರಿಗೂ ಅದೇ ಸಂಕಟ. ಕೊನೆಗೆ ಮುನಿ "ದಯೆ ತೋರಿಸಿ" ಅನ್ನಬೇಕು, ಆಚಾರ್ಯರು ಹೀಗೆ ಹೇಳಬೇಕು:

"ಪಾಪ ನನಗಿರಲಿ, ಪ್ರಾಣ ಅವಗಿರಲಿ, ತಿಳಿದಿದೆ ನನಗೆಲ್ಲ;
ಕೇಳು ದಳಪತಿಯೆ, ಕಳ್ಳನು ಒಳಗೆ ಇಲ್ಲ."

ಬರೆದು ನಾನೇ ಸ್ವಲ್ಪ ಅತ್ತೆ.

ನಮ್ಮ ಯುವಕ ಮಂಡಲದ ವಾರ್ಷಿಕೋತ್ಸವಕ್ಕೆ ನಾಟಕ ಅಂತ ಆಯಿತು. ಆಚಾರ್ಯರ ಪಾರ್ಟು ಮಾಸ್ಟ್ರಿಗೇ ಕೊಟ್ಟೆ. ಮುನಿಯ ಪಾರ್ಟು, ತಾಳಮದ್ದಳೆಯಲ್ಲಿ ಮಾಸ್ಟ್ರ ಜೊತೆಗೆ ಅರ್ಥ ಹೇಳುವ ಪ್ರಭಾಕರಣ್ಣನಿಗೆ. ಕಳ್ಳ ನಾನು.

"ಪ್ರಾಕ್ಟೀಸ್ ಯಾವಾಗ ಮಾಸ್ಟ್ರೇ?"

"ಎಂತ ಪ್ರಾಕ್ಟೀಸ್? ಪ್ರಸಂಗ ಗೊತ್ತಾಯಿತಲ್ಲ" ಅಂತ ನನ್ನ ಹದಿನಾಲ್ಕು ಪುಟ ಮಡಚಿ ಗಾಳಿ ಹಾಕಿಕೊಂಡರು.

ತಾಳಮದ್ದಳೆಯವರು ಮಾತು ಬಾಯಿಪಾಠ ಮಾಡುವುದಿಲ್ಲ. ಕೂತಲ್ಲೇ ವಾದ ಹುಟ್ಟಿಸಿ ಎದುರಿನವನನ್ನು ಸೋಲಿಸುತ್ತಾರೆ. ಇದು ಊರಿಗೆಲ್ಲ ಗೊತ್ತು. ನನ್ನ ತಲೆಗೆ ಹೋಗಲಿಲ್ಲ.

ಆ ದಿನ ನಾನು ಸ್ಟೇಜಿನ ಮಂಚದ ಅಡಿಯಲ್ಲಿ. ದಳಪತಿ ವೇಷದ ನವೀನ ಬಂದು "ಕಳ್ಳ ಎಲ್ಲಿ?" ಅಂದ. ದಯೆ ತೋರಿಸಬೇಕಾದ ಪ್ರಭಾಕರಣ್ಣ ಶುರು ಮಾಡಿದರು: "ಆಚಾರ್ಯರೇ, ಕಳ್ಳನನ್ನು ಅಡಗಿಸಿದವನೂ ಕಳ್ಳನೇ ಅಲ್ಲವೇ?"

ನನಗೆ ಶಾಕ್. ಇದು ಯಾವ ಪುಟದಲ್ಲೂ ಇಲ್ಲ!

ಮಾಸ್ಟ್ರು ಬಿಡುತ್ತಾರಾ? "ಮುನಿಗಳೇ, ಇವತ್ತು ನಾನೊಂದು ಸುಳ್ಳು ಹೇಳಿದರೆ, ನಾಳೆ ಊರಿನ ಸುಳ್ಳುಗಾರರೆಲ್ಲ ನನ್ನ ಹೆಸರು ಹೇಳುತ್ತಾರೆ." ಚಪ್ಪಾಳೆ. ಅರ್ಧ ಗಂಟೆ ಸತ್ಯದ ಮೇಲೆಯೇ ಹೋಯಿತು. ನನ್ನ ಕಾಲು ಜೋಮು ಹಿಡಿಯಿತು. ನವೀನ ಬಗ್ಗಿ, "ಮಾರಾಯ, ನಾನು ಮನೆಗೆ ಹೋಗ್ಲಾ?" ಅಂತ ಕೇಳಿದ.

ಕಡೆಗೆ ಮಾಸ್ಟ್ರು ಎದ್ದು ನಿಂತರು. "ಕೇಳು ದಳಪತಿಯೆ, ಕಳ್ಳನು ಒಳಗೆ..."

ನಿಲ್ಲಿಸಿದರು. ಇವರು ನನ್ನನ್ನು ಕೊಲ್ಲಿಸುತ್ತಾರೆ ಅಂತ ನನಗೆ ಖಾತ್ರಿ ಆಯಿತು. ಮಂಚ ಎತ್ತಿ ಹಾಕಿ ಹೊರಗೆ ಬಂದೆ.

"ಮಾಸ್ಟ್ರೇ, ಇಲ್ಲ ಅಂತ ಹೇಳಿ! ಹಾಗೇ ಬರೆದದ್ದು!"

ಮಾಸ್ಟ್ರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ದಳಪತಿಯೇ, ಇನ್ನು ನಾನು ಹೇಳಲಿಕ್ಕೆ ಎಂತ ಉಂಟು?"

ಜನ ನಕ್ಕು ನಕ್ಕು ಕುರ್ಚಿಯಿಂದ ಜಾರಿದರು. ನವೀನ ನನ್ನನ್ನು ಎಳೆದುಕೊಂಡು ಹೋದ, ಖುಷಿಯಲ್ಲಿ.

ಸ್ಟೇಜಿನ ಹಿಂದೆ ಶ್ವೇತ ಕಾಯುತ್ತಿದ್ದಳು. "ಅಪ್ಪ ವಾರದಿಂದ ನಿನ್ನ ಪದ್ಯ ಬಾಯಿಪಾಠ ಮಾಡ್ತಿದ್ರು. ಸ್ನಾನ ಮಾಡುವಾಗಲೂ ಅದೇ. ಎಷ್ಟು ಸುತ್ತಿಸಿದರೂ ಕೊನೆಗೆ 'ಇಲ್ಲ' ಅಂತಲೇ ನಿಲ್ಲಿಸುವವರಿದ್ರು. ಒಂದೇ ಒಂದು ಶಬ್ದ ಬಾಕಿ ಇತ್ತು."

ಮಾಸ್ಟ್ರು ಮುಖದ ಬಣ್ಣ ಒರೆಸುತ್ತಾ ಬಂದರು. "ಬರವಣಿಗೆ ಪರವಾಗಿಲ್ಲ" ಅಂದರು. ಆಮೇಲೆ ಮದುವೆಯ ಮಾತೇ ಎತ್ತದೆ ಮಗಳನ್ನು ಕರೆದುಕೊಂಡು ಕಾರ್ಕಳ ಬಸ್ಸು ಹತ್ತಿದರು.

ನನಗೋಸ್ಕರ ಜನ್ಮದ ಮೊದಲ ಸುಳ್ಳು ಹೇಳಲಿಕ್ಕೆ ಬಾಯಿ ತೆರೆದ ಮಾವನನ್ನು ತಡೆದು, ಸತ್ಯವಂತ ಮಾಡಿ ಮನೆಗೆ ಕಳಿಸಿದ ಅಳಿಯ ನಾನೊಬ್ಬನೇ ಇರಬೇಕು. ಅಳಿಯ ಅಂತ ಹೇಳುವುದೂ ಈಗ ಸ್ವಲ್ಪ ಜಾಸ್ತಿಯೇ.